ಅಣಬೆ ‘ಹ್ಞೂಂ’ ಅಂದ ದಿನ

ಅಣಬೆಯ ಕಾಲು ಮುರಿದು ತೆಗೆದು, ಕೊಡೆಯನ್ನು ಮಾತ್ರ ಬಿಳಿ ಹಾಳೆಯ ಮೇಲೆ ಬೋರಲು ಹಾಕಬೇಕು. ಅದರ ಮೇಲೆ ಒಂದು ಸ್ಟೀಲ್ ಬಟ್ಟಲು ಮುಚ್ಚಬೇಕು. ಆಮೇಲೆ ಸಂಜೆಯವರೆಗೆ ಮುಟ್ಟಬಾರದು, ಅಣಬೆಯ ಅಚ್ಚು ಹಾಳೆಯ ಮೇಲೆ ತಾನಾಗಿಯೇ ಮೂಡುತ್ತದೆ. ಇಷ್ಟೇ ಕೆಲಸ. ಆದರೆ ಮಕ್ಕಳಿಗೆ ಈ ಮುಟ್ಟಬಾರದು ಅನ್ನುವುದಕ್ಕಿಂತ ಕಷ್ಟದ ಪಾಠ ಇನ್ನೊಂದಿಲ್ಲ. ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಕೈಗೆ ಬಣ್ಣದ ಕಡ್ಡಿ ಕೊಟ್ಟು ಕೂಡಿಸಿದವಳು ನಾನು, ನನಗೆ ಗೊತ್ತು.

ಆ ಭಾನುವಾರ ನನ್ನ ಮೊಮ್ಮಗಳು ಇಬ್ಬನಿ ಬೆಳಿಗ್ಗೆಯೇ ಒಂದು ಅಣಬೆ ಹಿಡಿದು ಓಡಿ ಬಂದಳು. ಕೆರೆ ಏರಿಯ ಹಿಂದೆ ಇರುವ ಹುತ್ತದ್ದು. ಹಿಂದಿನ ದಿನ ಮೊದಲ ಗುಡುಗು ಬಂದಿತ್ತು. ಅವಳ ಅಂಗೈಗಿಂತ ದೊಡ್ಡ ಅಣಬೆ, ಒಂದು ಕಡೆಯೂ ಹುಳ ಹಿಡಿದಿರಲಿಲ್ಲ.

“ಇಂಥದ್ದನ್ನ ನಾನೇ ನೋಡಿ ಎಷ್ಟೋ ವರ್ಷ ಆಯ್ತು. ನೀನೇ ಹುಡುಕಿದ್ಯೇನೇ?” ಎಂದೆ.

“ಹ್ಞೂಂ” ಎಂದಳು ಇಬ್ಬನಿ.

ಪಕ್ಕದ ಮನೆಯ ನಗೀನಾ ಅದೇ ಹೊತ್ತಿಗೆ ಗೇಟಿನ ಹತ್ತಿರ ಬಂದು ನಿಂತಳು. ಇಬ್ಬನಿಯ ವಯಸ್ಸಿನವಳೇ, ಏಳು ತುಂಬಿದೆ. ಪ್ರತಿ ಭಾನುವಾರ ನನ್ನ ಜಗುಲಿಗೆ ಬಣ್ಣ ಹಚ್ಚಲು ಬರುತ್ತಾಳೆ. ನನ್ನ ಬಾಯಿ ಸುಮ್ಮನಿರುತ್ತದೆಯೇ? “ನೋಡು ನಗೀನಾ, ಕಣ್ಣು ಅಂದ್ರೆ ಇಬ್ಬನಿ ಥರ ಇರ್ಬೇಕು. ನೀನು ದಿನಾ ಮೇಕೆ ಹೊಡ್ಕೊಂಡು ಅದೇ ದಾರೀಲಿ ಹೋಗ್ತೀಯ, ನಿಂಗೇನೂ ಕಾಣಲ್ಲ” ಎಂದೆ.

ನಗೀನಾ ನನ್ನನ್ನು ನೋಡಿದಳು, ಇಬ್ಬನಿಯನ್ನು ನೋಡಿದಳು. “ಅಮ್ಮಿ ಹುಣಸೆಹಣ್ಣು ಬಿಡಿಸೋಕೆ ಕರೆದ್ಲು” ಎಂದು ಹೇಳಿ ಹೊರಟುಹೋದಳು. ನಾನು ಬಟ್ಟಲು ತರಲು ಒಳಗೆ ಹೋದೆ.

ಬಟ್ಟಲು ಮುಚ್ಚಿದ ಮೇಲೆ ಇಬ್ಬನಿ ತನ್ನ ಬಣ್ಣದ ಪುಸ್ತಕ ತೆರೆದಳು. ಅದರಲ್ಲಿ ಅಚ್ಚಾಗಿದ್ದ ಅಣಬೆಗೆ ಕೆಂಪು ಟೊಪ್ಪಿ, ಬಿಳಿ ಬೊಟ್ಟು. ನಮ್ಮೂರಿನ ಯಾವ ಅಣಬೆಯೂ ಮದುವೆ ಮನೆಗೆ ಹೊರಟ ಹಾಗೆ ಅಲಂಕಾರ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ನಾನು ಬೇರೆ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ನಮ್ಮ ಹುತ್ತ, ಹುತ್ತದ ಮೇಲೊಂದು ಅಣಬೆ, ಕೆಳಗೆ ನಾಲ್ಕು ಗೆದ್ದಲು ಬರೆದುಕೊಟ್ಟೆ.

“ಮೊದಲು ಕೈ ತೊಳ್ಕೊಂಡು ಬಾ. ಅಣಬೆ ಮುಟ್ಟಿದ ಕೈ ಬಾಯಿಗೆ ಹೋಗ್ಬಾರದು. ದೊಡ್ಡೋರು ನೋಡಿ ಹೇಳೋವರೆಗೂ ಯಾವ ಅಣಬೆನೂ ತಿನ್ಬಾರದು” ಎಂದೆ.

ತೊಳೆದುಕೊಂಡು ಬಂದಳು. ಊಟ ಮುಗಿಸಿ, ಬಿಸಿಲು ಇಳಿದ ಮೇಲೆ ಮತ್ತೆ ಜಗುಲಿಯಲ್ಲಿ ಕೂತೆವು. ಕಡ್ಡಿ ಕೈಯಲ್ಲಿ ಹಿಡಿದಳು, ಬಣ್ಣ ಹಚ್ಚಲಿಲ್ಲ. “ಅಜ್ಜಿ, ಅಣಬೆ ಯಾಕೆ ತಲೆ ಬಗ್ಗಿಸ್ಕೊಂಡಿರುತ್ತೆ?” ಎಂದು ಕೇಳಿದಳು.

ಕೇಳಿದಳಲ್ಲ, ಹೇಳಿದೆ.

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದೆಂದರೆ ಬಂಡೆಗಳು ಇನ್ನೂ ಮೆತ್ತಗಿದ್ದವು, ಕೆರೆಗೆ ತನ್ನ ಅಂಚು ಎಲ್ಲಿ ಎಂದು ಗೊತ್ತಿರಲಿಲ್ಲ. ಯಾವುದಕ್ಕೂ ಬಣ್ಣ ಇರಲಿಲ್ಲ. ಗಿಳಿಯೂ ಬೂದಿ, ಗಿಡವೂ ಬೂದಿ, ಬೂದಿಯೂ ಬೂದಿ.

ಆಗ ಭೂಮಿತಾಯಿ, ಎಲ್ಲರಿಗೂ ಬಣ್ಣ ಹಾಕುತ್ತೇನೆ ಎಂದಳು. ಆದರೆ ರಂಗೋಲಿ ಹಾಕಬೇಕಾದರೆ ಮೊದಲು ಅಂಗಳ ಸಾರಿಸಬೇಕಲ್ಲ? ಲೋಕದಷ್ಟು ದೊಡ್ಡ ಅಂಗಳ. ಅದನ್ನು ಸಾರಿಸುವುದಕ್ಕೆ ಯಾರೂ ಮುಂದೆ ಬರಲಿಲ್ಲ. ಆನೆ ಬೆನ್ನು ನೋವು ಎಂದಿತು. ನವಿಲು ಕಾಲು ಕೆಸರಾಗುತ್ತೆ ಎಂದಿತು. ಬಂದವಳು ಗೆದ್ದಲಮ್ಮ. ಮಕ್ಕಳನ್ನೆಲ್ಲ ಕಟ್ಟಿಕೊಂಡು ಬಂದಳು. ಬಾಯಲ್ಲೇ ಮಣ್ಣು ತಂದು, ಎಂಜಲಲ್ಲೇ ಕಲಸಿ, ಅಂಗಳವನ್ನೆಲ್ಲ ಒಪ್ಪವಾಗಿ ಸಾರಿಸಿಕೊಟ್ಟಳು.

ಭೂಮಿತಾಯಿಗೆ ಮನಸ್ಸು ತುಂಬಿತು. ಯಾರಿಗೂ ಬಣ್ಣ ಹಾಕುವ ಮೊದಲೇ, ಇದು ಗೆದ್ದಲಮ್ಮನ ಪಾಲು ಎಂದು ಒಂದು ಬಣ್ಣವನ್ನು ತೆಗೆದಿಟ್ಟಳು. ಎಂಥ ಬಣ್ಣ? ಸೀಬೆಹಣ್ಣು ಸೀಳಿದರೆ ಒಳಗೆ ಕಾಣುತ್ತದಲ್ಲ, ಆ ಗುಲಾಬಿ. ಲೋಕದ ಮೊದಲನೆಯ ಬಣ್ಣ ಅದು.

ಬಣ್ಣ ಹಾಕುವುದು ಶುರುವಾಯಿತು. ಭೂಮಿತಾಯಿ ಎರಡು ಬೆರಳಲ್ಲಿ ಪುಡಿ ಹಿಡಿದು, ಎಳೆ ಎಳೆಯಾಗಿ ಬಿಟ್ಟಳು. ಗಿಳಿಗೆ ಹಸಿರು. ಹಲಸಿನ ತೊಳೆಗೆ ಹಳದಿ. ಕಾಗೆಗೆ ಕಪ್ಪು ಹಾಕಿದಾಗ ಕಾಗೆ ಕನ್ನಡಿ ಸಿಕ್ಕಿದವರ ಹಾಗೆ ಅತ್ತ ಇತ್ತ ತಿರುಗಿ ನೋಡಿಕೊಂಡಿತು, ಪರವಾಗಿಲ್ಲ ಎಂದಿತು.

ಆಗ ಅಣಬೆ ಇತ್ತಲ್ಲ, ಅದು ಈಗಿನ ಹಾಗಿರಲಿಲ್ಲ. ಕಾಲು ಒಂದೇ, ಆದರೂ ಕುಪ್ಪಳಿಸಿಕೊಂಡು ಎಲ್ಲಿ ಬೇಕಾದರೂ ಹೋಗುತ್ತಿತ್ತು. ತಲೆ ಮೇಲುಮುಖವಾಗಿತ್ತು, ತಟ್ಟೆಯ ಹಾಗೆ, ಸುತ್ತ ಅಂಚು. ಅದಕ್ಕೇ ಭೂಮಿತಾಯಿ ಬಣ್ಣ ಹೊರುವ ಕೆಲಸವನ್ನು ಅಣಬೆಗೆ ಕೊಟ್ಟಿದ್ದಳು. ಅವಳು ಪುಡಿ ಹಾಕಿ ಕಳಿಸುವುದು, ಇದು ತಲೆಯ ಮೇಲೆ ಹೊತ್ತು ಮುಟ್ಟಿಸುವುದು. ಅಣಬೆ ಒಂದು ಚಿಟಿಕೆಯನ್ನೂ ಚೆಲ್ಲುತ್ತಿರಲಿಲ್ಲ.

ಎಲ್ಲರಿಗೂ ಬಣ್ಣ ಆಯಿತು. ಗೆದ್ದಲಮ್ಮ ಬರಲಿಲ್ಲ. ಅಂಗಳ ಸಾರಿಸಿ ಹೋದವಳು ತನ್ನ ಮನೆ ಕಟ್ಟುತ್ತಿದ್ದಳು. ಗಾಳಿಯ ಕೈಯಲ್ಲಿ ಹೇಳಿಕಳಿಸಿದಳು: “ಗೋಡೆ ಇನ್ನೂ ಹಸಿ ಐತೆ ತಾಯಿ, ಬಿಟ್ಟು ಬಂದ್ರೆ ಕುಸಿಯುತ್ತೆ. ನನ್ನ ಪಾಲು ಇರಲಿ, ನಿಧಾನಕ್ಕೆ ಬರ್ತೀನಿ.”

“ಅವಳ್ಯಾಕೆ ಬರಬೇಕು?” ಎಂದಳು ಭೂಮಿತಾಯಿ. ಗುಲಾಬಿ ಬಣ್ಣವನ್ನೆಲ್ಲ ಅಣಬೆಯ ತಲೆಯ ಮೇಲೆ ಸುರಿದಳು. “ಇದು ಗೆದ್ದಲಮ್ಮಂದು. ಸೀದಾ ಅವಳ ಬಾಗಿಲಿಗೆ ಹೋಗು. ಎಲ್ಲೂ ನಿಲ್ಲಬೇಡ.”

ಅಣಬೆ ಹೊರಟಿತು. ಸೀದಾ ಹೋಗುತ್ತಿತ್ತು ಪಾಪ. ದಾರಿಯಲ್ಲಿ ಒಂದು ಕೊಳ ಸಿಕ್ಕಿತು.

“ಯಾರಪ್ಪಾ ಇದು, ಇಷ್ಟು ಚೆಂದ?” ಎಂದಿತು ಕೊಳ.

ಅಣಬೆ ಹಿಂದೆ ತಿರುಗಿ ನೋಡಿತು. ಯಾರೂ ಇರಲಿಲ್ಲ. ಕೊಳದೊಳಗೆ ಬಗ್ಗಿ ನೋಡಿತು. ಅಲ್ಲಿ ತಾನೇ ಇತ್ತು, ತಲೆಯ ತುಂಬ ಗುಲಾಬಿ. ಎಲ್ಲರ ಬಣ್ಣ ಹೊತ್ತು ತಿರುಗಿದ್ದ ಅಣಬೆ ತನ್ನ ಮುಖವನ್ನು ನೋಡಿಕೊಂಡದ್ದು ಅದೇ ಮೊದಲು.

ಚಿಟ್ಟೆ ಬಂತು. “ನನಗಿಂತ ಒಳ್ಳೇ ಬಣ್ಣ ಸಿಕ್ಕಿದೆಯಲ್ಲ ನಿಂಗೆ” ಎಂದಿತು. ನವಿಲು ಬಂತು. ಸುತ್ತ ಒಂದು ಸಲ ನಡೆದು ನೋಡಿ, “ಇದು ನಿಂದೇನಾ?” ಎಂದು ಕೇಳಿತು.

ಅಣಬೆ ಹೇಳಬೇಕಾಗಿತ್ತು. ಇದು ನನ್ನದಲ್ಲ, ಗೆದ್ದಲಮ್ಮಂದು, ನಾನು ಹೊತ್ತುಕೊಂಡು ಹೋಗುವವನು ಅಷ್ಟೇ ಎನ್ನಬೇಕಾಗಿತ್ತು. ಆದರೆ ಅದು ಬಾಯಿ ಕೂಡ ತೆರೆಯಲಿಲ್ಲ. ಮೂಗಿನಲ್ಲೇ ಸಣ್ಣಗೆ “ಹ್ಞೂಂ” ಎಂದಿತು.

ಇಬ್ಬನಿ ಕೈಯಲ್ಲಿದ್ದ ಕಡ್ಡಿ ಕೆಳಗೆ ಬಿತ್ತು. ಎತ್ತಿಕೊಂಡಳು. “ಅದು ಸುಳ್ಳು ಹೇಳ್ಲಿಲ್ವಲ್ಲ ಅಜ್ಜಿ. ಹ್ಞೂಂ ಅಂತು ಅಷ್ಟೇ” ಎಂದಳು.

“ಹ್ಞೂಂ ಅಂದ್ರೆ ಏನರ್ಥ?”

ಅವಳು ಕಡ್ಡಿಯ ಮೇಲಿನ ಕಾಗದ ಸುಲಿಯತೊಡಗಿದಳು. ನಾನು ಕತೆ ಮುಂದುವರಿಸಿದೆ.

ಒಂದು ಹೊತ್ತು ನಿಂತು ಹೋಗೋಣ ಎಂದುಕೊಂಡ ಅಣಬೆ ಕೊಳದ ದಡದಲ್ಲಿ ಮೂರು ದಿನ ನಿಂತಿತು. ಗಾಳಿ ಬಂದು, “ಗೆದ್ದಲಮ್ಮ ಬಾಗಿಲಲ್ಲಿ ಕಾಯ್ತಾ ಇದಾಳೆ” ಎಂದಿತು. “ಇದೋ ಹೊರಟೆ” ಎಂದಿತು ಅಣಬೆ. ಹೊರಡಲಿಲ್ಲ. ಗಾಳಿ ಮತ್ತೆ ಬಂತು. “ಇದೋ ಹೊರಟೆ.” ಹೊರಡಲಿಲ್ಲ.

ನಾಲ್ಕನೆಯ ದಿನ ಮೋಡಕ್ಕೂ ಸುದ್ದಿ ಹೋಯಿತು. ಏನಪ್ಪಾ ಅಂಥ ಚೆಂದ ಎಂದು ಮೋಡ ಬಗ್ಗಿ ನೋಡಿತು. ಮೋಡ ಬಗ್ಗಿದರೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಗುಡುಗು ಬಂತು. ದಪ್ಪ ದಪ್ಪ ಹನಿ ಬಿತ್ತು. ತಟ್ಟೆಯಂಥ ತಲೆಯಲ್ಲಿ ನೀರು ತುಂಬಿತು, ಗುಲಾಬಿ ಪುಡಿ ಅದರಲ್ಲಿ ಕರಗಿತು, ಅಂಚು ದಾಟಿ ಹರಿಯಿತು. ಅಣಬೆ ಕುಣಿದಾಡಿತು, ಬೇಡ ಬೇಡ ಎಂದಿತು. ಕುಣಿದಷ್ಟೂ ಚೆಲ್ಲಿತು. ಲೋಕದ ಮೊದಲನೆಯ ಬಣ್ಣ ಕೆಸರಿನಲ್ಲಿ ಸೇರಿಹೋಯಿತು.

ಮಳೆ ನಿಂತಾಗ ಯಾರೋ ಮೆಲ್ಲಗೆ ನಡೆದು ಬರುತ್ತಿದ್ದರು. ಗೆದ್ದಲಮ್ಮ. ಕಾದು ಕಾದು ಸಾಕಾಗಿ ತಾನೇ ಬಂದಿದ್ದಳು, ಹಿಂದೆ ಮಕ್ಕಳ ಸಾಲು.

ಅಣಬೆಗೆ ಎಂಥ ನಾಚಿಕೆಯಾಯಿತು ಎಂದರೆ, ಖಾಲಿ ತಲೆ ಕಾಣಬಾರದೆಂದು ತಟ್ಟೆಯನ್ನು ಬೋರಲು ಮಾಡಿಕೊಂಡಿತು. ಕೊಡೆ ಮಡಿಸಿದ ಹಾಗೆ ಅಂಚೆಲ್ಲ ಕೆಳಗೆ ಬಂತು. ಒಳಮೈ ಸೀರೆಯ ನೆರಿಗೆಯಂತೆ ಮುದುರಿತು.

“ಅಣಬೆಯಪ್ಪಾ, ನನ್ನ ಪಾಲಿಂದು ಏನಾದ್ರೂ ಕೊಟ್ಟಳಾ ತಾಯಿ?” ಎಂದಳು ಗೆದ್ದಲಮ್ಮ.

“ಇಲ್ಲ” ಎಂದಿತು ಅಣಬೆ. “ನಿಮಗೆ ಅಂತ ಏನೂ ಬರಲಿಲ್ಲ.”

ಗೆದ್ದಲಮ್ಮ ಬೈದಿದ್ದರೆ ಅಣಬೆಗೆ ಸುಲಭವಾಗುತ್ತಿತ್ತು. ಅವಳು ನಂಬಿಬಿಟ್ಟಳು. “ಹೋಗಲಿ ಬಿಡು. ಅವಳಿಗೂ ಎಷ್ಟು ಜನ. ನಾವು ಸಣ್ಣೋರು, ನೆನಪಾಗಿರಲ್ಲ” ಎಂದಳು. ಆಮೇಲೆ ಅಣಬೆಯ ಕಡೆ ನೋಡಿ, “ನೆನೆದು ನಡುಗ್ತಾ ಇದೀಯಲ್ಲ. ನಮ್ಮನೇಲಿ ಬೆಚ್ಚಗೈತೆ, ಬಾ” ಎಂದಳು.

ಕಳ್ಳನನ್ನು ಕರೆದು ಒಲೆಯ ಮುಂದೆ ಕೂರಿಸಿದ ಹಾಗಾಯಿತು. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಅಣಬೆ ಹೋಯಿತು.

ಹುತ್ತದ ಒಳಗೆ ಎಷ್ಟು ಓಣಿ, ಎಷ್ಟು ಕೋಣೆ. ಗೆದ್ದಲಮ್ಮ ಒಳ್ಳೆಯ ಕೋಣೆಯನ್ನೇ ಕೊಟ್ಟಳು. ಮಕ್ಕಳು ಮರದ ಚೂರು ತಂದು ಮುಂದಿಟ್ಟರು. ಅಣಬೆ ಗೋಡೆಯ ಕಡೆ ಮುಖ ಮಾಡಿ ಕೂತಿತು. ಯಾರು ಮಾತಾಡಿಸಿದರೂ ತಲೆ ಎತ್ತಲಿಲ್ಲ.

ಒಂದು ದಿನ ಎಲ್ಲಕ್ಕಿಂತ ಚಿಕ್ಕ ಗೆದ್ದಲು ಅಮ್ಮನನ್ನು ಕೇಳಿತು. “ಅಮ್ಮಾ, ನಮಗ್ಯಾಕೆ ಬಣ್ಣ ಇಲ್ಲ?”

“ಭೂಮಿತಾಯಿ ಮರೆತಳು ಮಗಾ.”

“ನಾನು ಹೊರಗೆ ಹೋಗಿ ನಿಂತ್ಕೊಂಡ್ರೆ ನೆನಪಾಗ್ತೀನಾ?”

ಅದು ಹೋಗಿಯೇ ಬಿಟ್ಟಿತು. ಬಾಗಿಲಲ್ಲಿ, ಬಿಸಿಲಿನಲ್ಲಿ, ಕೈ ಕಟ್ಟಿ ನಿಂತಿತು, ಎಲ್ಲರಿಗೂ ಕಾಣುವ ಹಾಗೆ. ಇರುವೆಗಳು ಸಾಲಾಗಿ ಬಂದವು. ಕೆಂಪಿರುವೆ ನಕ್ಕಿತು, ಕಪ್ಪಿರುವೆ ನಕ್ಕಿತು. ಬಣ್ಣ ಇಲ್ಲದ್ದು, ಬಣ್ಣ ಇಲ್ಲದ್ದು ಎಂದವು. ಚಿಕ್ಕದು ಓಡಿ ಒಳಗೆ ಬಂತು. ಬಾಯಲ್ಲಿ ಮಣ್ಣು ತಂದು ಬಾಗಿಲನ್ನು ಮುಚ್ಚಿತು. ಇನ್ನು ನಾವು ಯಾರೂ ಬೆಳಕಿಗೆ ಹೋಗುವುದು ಬೇಡ ಎಂದಿತು. ಬೇರೆ ಮಕ್ಕಳೂ ಬಂದು ಇನ್ನಷ್ಟು ಮಣ್ಣು ಮೆತ್ತಿದರು.

ಅಣಬೆ ಇದನ್ನೆಲ್ಲ ಕೇಳಿಸಿಕೊಂಡಿತು. ಬಣ್ಣ ಕಳೆದದ್ದು ತಾನು, ಮುಖ ಮುಚ್ಚಿಕೊಂಡವರು ಇವರು. ಅದಕ್ಕೆ ಉಣ್ಣುವುದು ಸೇರಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕೊನೆಗೆ ಗೆದ್ದಲಮ್ಮನ ಕೋಣೆಗೆ ಹೋಗಿ ನಿಂತಿತು.

“ನಿಮ್ಮ ಪಾಲು ಬಂದಿತ್ತು. ನನ್ನ ತಲೆ ಮೇಲಿತ್ತು. ನವಿಲು ನಿಂದೇನಾ ಅಂತ ಕೇಳ್ತು, ನಾನು ಹ್ಞೂಂ ಅಂದೆ. ಮಳೆ ಬಂತು. ನಿಮಗೆ ಇಲ್ಲ ಅಂದೆ.”

ಗೆದ್ದಲಮ್ಮ ಬಾಯಲ್ಲಿದ್ದ ಮಣ್ಣನ್ನು ಕೆಳಗಿಟ್ಟಳು.

“ಬಣ್ಣ ಹೋಯ್ತು ಅಂದ್ರೆ ಹೋಗಲಿ” ಎಂದಳು ಆಮೇಲೆ. “ತಾಯಿ ಮರೆತಳು ಅಂತ ನಾನು ಮಕ್ಕಳಿಗೆ ಹೇಳಿಬಿಟ್ಟೆನಲ್ಲ. ಆ ಮಾತನ್ನ ಹೆಂಗೆ ವಾಪಸ್ ತಗೊಳ್ಲಿ?”

ಅಣಬೆ ತಲೆಯನ್ನು ಇನ್ನಷ್ಟು ಬಗ್ಗಿಸಿತು.

“ನನ್ನ ಹತ್ರ ಹೇಳಿದ್ದು ಸಾಲದು” ಎಂದಳು ಗೆದ್ದಲಮ್ಮ. “ಅವರ ಹತ್ರ ಹೇಳು. ಒಬ್ಬೊಬ್ಬರ ಹತ್ರಾನೂ ಹೇಳು. ಮೊದಲು ಬಾಗಿಲು ಮುಚ್ಚಿದೋಳ ಹತ್ರ ಹೋಗು.”

ಅಣಬೆ ಹೋಯಿತು. ಚಿಕ್ಕ ಗೆದ್ದಲಿನ ಮುಂದೆ ತಲೆ ಬಗ್ಗಿಸಿ ನಿಂತು ಎಲ್ಲವನ್ನೂ ಹೇಳಿತು. ಹೇಳುವಾಗ ಅದರ ಮೈ ನಡುಗಿತು. ನಡುಗಿದಾಗ ತಲೆಯ ಒಳಗಿನ ನೆರಿಗೆಯಿಂದ ಏನೋ ಉದುರಿತು. ಮಳೆಗೆ ಕೊಚ್ಚಿಹೋಗದೆ ಮಡಿಕೆಯಲ್ಲಿ ಉಳಿದುಕೊಂಡಿದ್ದ ಗುಲಾಬಿ ಪುಡಿ. ಒಂದು ಚಿಟಿಕೆ ಇದ್ದಿರಬಹುದು.

ಚಿಕ್ಕದು ಆ ಪುಡಿಯನ್ನು ನೋಡಿತು. ಬಣ್ಣ ಎಷ್ಟಿದೆ ಎಂದು ಕೇಳಲಿಲ್ಲ. “ಹಂಗಾದ್ರೆ ನಾವು ತಾಯಿಗೆ ನೆನಪಿದ್ವಾ?” ಎಂದು ಕೇಳಿತು.

“ನೆನಪಿದ್ರಿ” ಎಂದಿತು ಅಣಬೆ. “ಎಲ್ಲರಿಗಿಂತ ಮೊದಲು ನಿಮಗೇ ತೆಗೆದಿಟ್ಟಿದ್ದಳು.”

ಚಿಕ್ಕ ಗೆದ್ದಲು ಪುಡಿಯನ್ನು ಬಾಯಲ್ಲಿ ಎತ್ತಿಕೊಂಡು ಅಣ್ಣ ಅಕ್ಕಂದಿರಿಗೆ ತೋರಿಸಲು ಓಡಿತು. ಮೈಗೆ ಹಚ್ಚಿಕೊಂಡು ನೋಡಿದರು, ಅಂಟಲಿಲ್ಲ. ಮಳೆಯ ನೀರು ಕುಡಿದ ಪುಡಿ ಅದು, ಮೈಗೆ ನಿಲ್ಲುವ ಗುಣ ಹೋಗಿತ್ತು. ಮರದ ಚೂರಿನ ಮೇಲೆ ಇಟ್ಟರು. ಅಲ್ಲಿ ಅದು ಬಣ್ಣವಾಗಲಿಲ್ಲ, ಬೆಳ್ಳಗೆ ಮೊಳೆಯಿತು. ಇನ್ನೊಂದು ಅಣಬೆಯಾಯಿತು.

ಅಂದಿನಿಂದ ಅಣಬೆ ಗೆದ್ದಲಮ್ಮನ ಮನೆ ಬಿಟ್ಟು ಹೋಗಲಿಲ್ಲ. ಕುಪ್ಪಳಿಸುವುದನ್ನೂ ಬಿಟ್ಟಿತು. ಮರದ ಚೂರು ಮಕ್ಕಳಿಗೆ ಅರಗುತ್ತಿರಲಿಲ್ಲ. ಅದನ್ನು ಮೆತ್ತಗೆ ಮಾಡಿ ಉಣಿಸುವ ಕೆಲಸ ಅಣಬೆಯದಾಯಿತು. ಗೆದ್ದಲಮ್ಮ ಕ್ಷಮಿಸಿದೆ ಎಂದು ಹೇಳಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗು ಎಂದಂತೂ ಹೇಳಲಿಲ್ಲ.

ಕತೆ ಹೇಳುವಾಗ ಇಷ್ಟು ಹೊತ್ತಿಗೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಇಲ್ಲವೇ ಬಟ್ಟಲು ಎತ್ತಲೇ ಅಜ್ಜಿ ಎನ್ನುತ್ತಾರೆ. ಇಬ್ಬನಿ ಎರಡನ್ನೂ ಮಾಡಲಿಲ್ಲ. ಕಿವಿ ಕೆಂಪಗಾಗಿತ್ತು. ಲಂಗದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

“ಅಜ್ಜಿ” ಎಂದಳು. “ನಾನೂ ಹ್ಞೂಂ ಅಂದೆ.”

ನನಗೆ ತಕ್ಷಣ ತಿಳಿಯಲಿಲ್ಲ.

“ಅಣಬೆ ನಗೀನಾಗೆ ಸಿಕ್ಕಿದ್ದು. ಮೇಕೆ ಕಟ್ಟಿ ಬರ್ತೀನಿ, ಹಿಡ್ಕೊಂಡಿರು ಅಂದ್ಲು. ನೀನು ‘ನೀನೇ ಹುಡುಕಿದ್ಯಾ’ ಅಂತ ಕೇಳ್ದೆ.”

ಅವಳು ಅಳುತ್ತಿದ್ದಳು. ಅವಳಿಗಿಂತ ನನ್ನ ಮುಖವೇ ಬಿಸಿಯಾಯಿತು. ಗೇಟಿನ ಹತ್ತಿರ ನಿಂತಿದ್ದ ಹುಡುಗಿಗೆ, ನಿನ್ನ ಕಣ್ಣಿಗೇನೂ ಕಾಣಲ್ಲ ಎಂದವಳು ನಾನು. ಆ ಮಗು ನಮ್ಮಿಬ್ಬರ ಮುಖವನ್ನೂ ನೋಡಿ ಸುಮ್ಮನೆ ಹೋಗಿತ್ತು. ಮೂವತ್ತೊಂದು ವರ್ಷ ಮಕ್ಕಳ ಮುಖ ಓದಿದ್ದೇನೆ ಎಂದು ಬೀಗುವವಳಿಗೆ ಅಷ್ಟೂ ಓದಲು ಬರಲಿಲ್ಲ. ಇಬ್ಬನಿಯನ್ನು ಬೈಯಲು ನನಗೆ ಬಾಯಿರಲಿಲ್ಲ.

“ನನ್ನ ಹತ್ರ ಹೇಳಿದ್ದು ಸಾಲದು” ಎಂದೆ. “ನಡಿ, ನಾನೂ ಬರ್ತೀನಿ. ನಂದೂ ಹೇಳೋದಿದೆ.”

ಸಂಜೆಯಾಗುತ್ತಿತ್ತು. ನಗೀನಾ ಇನ್ನೂ ಅವರ ಮನೆಯ ಬಾಗಿಲಲ್ಲಿ ಅಮ್ಮನ ಜೊತೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಇಬ್ಬನಿ ಹೇಳಿದಳು. ಅರ್ಧ ಮಾತು ಬಿಕ್ಕಳಿಕೆಯಲ್ಲಿ ಹೋಯಿತು, ಮತ್ತೆ ಮೊದಲಿನಿಂದ ಹೇಳಿದಳು. ಆಮೇಲೆ ನಾನು ಹೇಳಿದೆ. “ನಿನ್ನ ಕಣ್ಣು ಚೆನ್ನಾಗಿದೆ ಮಗಾ. ಕಾಣದೇ ಹೋಗಿದ್ದು ನನಗೆ. ತಪ್ಪಾಯ್ತು” ಎಂದೆ. ಅಷ್ಟು ದೊಡ್ಡವಳು ಅಷ್ಟು ಚಿಕ್ಕವಳ ಮುಂದೆ ನಿಂತು ಹೀಗೆ ಹೇಳುವುದು ಸುಲಭವಲ್ಲ. ನನಗೂ ನೆಲ ನೋಡಬೇಕು ಅನ್ನಿಸಿತು, ನೋಡಿದೆ.

ನಗೀನಾ ಕೈಯಲ್ಲಿದ್ದ ಹುಣಸೆ ಬೀಜವನ್ನು ಬುಟ್ಟಿಗೆ ಹಾಕಿದಳು. “ಇವ್ಳು ಬಂದು ಹೇಳ್ತಾಳೆ ಅಂತ ಮಧ್ಯಾಹ್ನದವರೆಗೂ ಕಾದೆ” ಎಂದಳು. “ಆಮೇಲೆ ಕಾಯ್ಲಿಲ್ಲ.”

ಇಬ್ಬನಿ ಲಂಗದ ಅಂಚಿನಲ್ಲಿ ಮೂಗು ಒರೆಸಿಕೊಂಡಳು.

“ಬಟ್ಟಲು ನೀನೇ ಎತ್ತಬೇಕು” ಎಂದೆ ನಾನು. “ಅಣಬೆ ನಿಂದು.”

ನಗೀನಾ ಕೈ ಒರೆಸಿಕೊಂಡು ಎದ್ದಳು. ಇಬ್ಬನಿಯ ಪಕ್ಕ ನಡೆಯಲಿಲ್ಲ, ನನ್ನ ಇನ್ನೊಂದು ಪಕ್ಕ ನಡೆದಳು.

ಜಗುಲಿಯಲ್ಲಿ ನಗೀನಾ ಬಟ್ಟಲು ಎತ್ತಿದಳು, ಮೆಲ್ಲಗೆ ಅಣಬೆಯ ಕೊಡೆಯನ್ನೂ ಎತ್ತಿದಳು. ಹಾಳೆಯ ಮೇಲೆ ನಡುವಿನಿಂದ ಸುತ್ತಲೂ ಎಳೆ ಎಳೆಯಾಗಿ ಪುಡಿ ಬಿದ್ದಿತ್ತು. ಎರಡು ಬೆರಳಲ್ಲಿ ಹಿಡಿದು ಬಿಟ್ಟ ಹಾಗೆ ಸಣ್ಣ ಸಣ್ಣ ಗೆರೆ, ಮಾಸಲು ಗುಲಾಬಿ. ಯಾರೂ ಉಸಿರು ಬಿಡಲಿಲ್ಲ, ಬಿಟ್ಟರೆ ಹಾರಿಹೋಗುತ್ತದೆ.

ನಾನು ಹಾಳೆಯ ಕೆಳಗೆ ಊರು, ತಾರೀಕು, ಹುತ್ತದ ಅಣಬೆ ಎಂದು ಬರೆದೆ. “ಹುಡುಕಿದೋರು” ಎಂದು ಬರೆದು ನಿಲ್ಲಿಸಿದೆ. ಇಬ್ಬನಿ ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ನಗೀನಾ ಎಂದು ಬರೆದಳು. ದುಂಡಗೆ, ಒತ್ತಿ, ಅಳಿಸಿದರೂ ಹೋಗದ ಹಾಗೆ.

ಆಮೇಲೆ ಇಬ್ಬರೂ ನಾನು ಬರೆದುಕೊಟ್ಟ ಚಿತ್ರಕ್ಕೆ ಬಣ್ಣ ಹಚ್ಚಲು ಕೂತರು. ಹಾಳೆ ಒಂದೇ, ಇಬ್ಬರ ನಡುವೆ ಒಂದು ಮೊಳ ಜಾಗ. ನಗೀನಾ ಹುತ್ತಕ್ಕೆ ಕೆಮ್ಮಣ್ಣಿನ ಬಣ್ಣ ಹಚ್ಚಿದಳು. ಇಬ್ಬನಿ ಕೊಡೆಯ ಮೇಲೆ ತೆಳುವಾದ ಕಂದು ಹಚ್ಚಿದಳು. ಕೊಡೆಯ ಒಳಗಿನ ನೆರಿಗೆಗೆ ಬಂದಾಗ ಗುಲಾಬಿ ಕಡ್ಡಿ ಹುಡುಕಿದಳು. ಅದು ನಗೀನಾಳ ಡಬ್ಬಿಯಲ್ಲಿತ್ತು. ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು. ನಗೀನಾ ನೋಡಿದಳು, ಕಡ್ಡಿಯನ್ನು ಈ ಕಡೆ ಉರುಳಿಸಿದಳು.

“ಅಜ್ಜಿ, ಗೆದ್ದಲಿಗೆ ಯಾವ ಬಣ್ಣ?” ಎಂದು ಕೇಳಿದಳು ನಗೀನಾ. ಅವಳು ಕತೆ ಕೇಳಿರಲಿಲ್ಲ.

“ಅದಕ್ಕೆ ಏನೂ ಹಚ್ಚಬಾರದು, ಹಾಳೆ ಇದ್ದ ಹಾಗೇ ಬಿಡಬೇಕು. ಯಾಕೆ ಅಂತ ನಾನು ಹೇಳ್ತೀನಿ” ಎಂದಳು ಇಬ್ಬನಿ. ನನ್ನ ಕಡೆ ನೋಡಲಿಲ್ಲ. ತಲೆ ಬಗ್ಗಿಸಿಕೊಂಡೇ, ಲೋಕ ಇನ್ನೂ ಹೊಸದಾಗಿತ್ತು ಎಂದು ಶುರುಮಾಡಿದಳು.

ನಾನು ಸುಮ್ಮನೆ ಕೇಳುತ್ತ ಕೂತೆ. ಅವಳು ನನಗಿಂತ ಚೆನ್ನಾಗಿ ಹೇಳಿದಳು, ಆ ‘ಹ್ಞೂಂ’ ಬರುವ ಕಡೆ ಮಾತ್ರ ಅವಳ ದನಿ ತೀರ ಸಣ್ಣದಾಯಿತು. ಕೊನೆಯನ್ನು ಅವಳು ಹೇಳಿದ ಮಾತಿನಲ್ಲೇ ಬರೆಯುತ್ತೇನೆ: ಅದಕ್ಕೇ ಇವತ್ತಿಗೂ ಮೊದಲನೇ ಗುಡುಗು ಬಂದ ತಕ್ಷಣ ಅಣಬೆಗೆ ಆ ಮಳೆ ನೆನಪಾಗಿ ಹುತ್ತದಿಂದ ಎದ್ದು ಬರುತ್ತೆ, ತಲೆ ಬಗ್ಗಿಸ್ಕೊಂಡು ಗೆದ್ದಲಿನ ಬಾಗಿಲಲ್ಲಿ ಎರಡೇ ದಿನ ನಿಲ್ಲುತ್ತೆ, ನೆರಿಗೆಯಿಂದ ಆ ಗುಲಾಬಿ ಪುಡಿ ಉದುರಿಸಿ ಉದುರಿಸಿ ‘ನಂದಲ್ಲ, ನಿಮ್ದು’ ಅಂತ ಒಬ್ಬೊಬ್ಬರ ಹತ್ರಾನೂ ಹೇಳುತ್ತೆ.